ನಾಲ್ಕು ವರ್ಷದ ಮಗುವನ್ನು ಡೈನೋಸಾರ್ ಶೋಗೆ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಾವು ಮೂಡಿಗೆರೆ ಹತ್ತಿರದವರು. ಮಗನಿಗೆ ಈಗಷ್ಟೇ ನಾಲ್ಕು ತುಂಬಿದೆ, ಮಗಳಿಗೆ ಎಂಟು. ಮಗನಿಗೆ ಡೈನೋಸಾರ್ ಅಂದ್ರೆ ಹುಚ್ಚು, ಹೆಸರೆಲ್ಲ ಬಾಯಿಪಾಠ. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಡೈನೋಸಾರ್‌ಗಳು ಅಲ್ಲಾಡುವ, ಘರ್ಜಿಸುವ ಶೋ ಒಂದಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇವೆ. ನಮ್ಮ ಅತ್ತೆ ಮಾತ್ರ "ಮಗು ಬೆಚ್ಚಿಬೀಳುತ್ತೆ, ಬೇಡ" ಅಂತಾರೆ. ಏನು ಮಾಡೋದು?

ಉತ್ತರ: ಕರೆದುಕೊಂಡು ಹೋಗಿ. ಆದರೆ ನಿಮ್ಮ ಅತ್ತೆಯ ಮಾತನ್ನು ತಳ್ಳಿಹಾಕಬೇಡಿ, ಈ ವಿಷಯದಲ್ಲಿ ಮನೆಯಲ್ಲಿ ಸರಿಯಾಗಿ ಯೋಚಿಸಿರುವುದು ಅವರೇ.

ಹೆಸರು ಬಾಯಿಗೆ ಬಂದ ಮಾತ್ರಕ್ಕೆ ಧೈರ್ಯ ಬರುವುದಿಲ್ಲ. ನಿಮ್ಮ ಮಗನಿಗೆ ಗೊತ್ತಿರುವ ಟಿ. ರೆಕ್ಸ್ ಪುಸ್ತಕದಲ್ಲಿ ಗೇಣುದ್ದ, ಆಟಿಕೆ ಡಬ್ಬಿಯಲ್ಲಿ ಬೆರಳುದ್ದ. ನಿಜವಾದದ್ದು ಮೂತಿಯಿಂದ ಬಾಲದ ತುದಿಯವರೆಗೆ ಸುಮಾರು 12 ಮೀಟರ್ ಇತ್ತು, ಸೊಂಟದ ಎತ್ತರವೇ ಹತ್ತಿರಹತ್ತಿರ 4 ಮೀಟರ್. ಅದೇ ಅಳತೆಯ ಗೊಂಬೆ ಕತ್ತಲಲ್ಲಿ ತಲೆ ತಿರುಗಿಸಿದರೆ ದೊಡ್ಡವರ ಎದೆಯೂ ಒಮ್ಮೆ ಝಲ್ಲೆನ್ನುತ್ತದೆ. ನಾಲ್ಕು ವರ್ಷದ ಮಗುವಿಗೆ "ಅದು ಗೊಂಬೆ ಕಣೋ" ಅನ್ನುವುದು ತಿಳಿಯದೆ ಏನಲ್ಲ. ತಿಳಿದಿದ್ದರೂ ಕತ್ತಲು, ದಢಕ್ಕನೆ ಬರುವ ಸದ್ದು, ಅನಿರೀಕ್ಷಿತ ಚಲನೆ ಈ ಮೂರೂ ಸೇರಿದಾಗ ಮೈ ಕೇಳುವುದಿಲ್ಲ.

ನಮ್ಮ ಶೃಂಗೇರಿ, ಕೊಪ್ಪದ ಕಡೆಯವರಿಗೆ ಇದು ಹೊಸ ಸಮಸ್ಯೆಯಲ್ಲ. ಯಕ್ಷಗಾನದಲ್ಲಿ ಮಹಿಷಾಸುರ ಜನರ ನಡುವಿನಿಂದ ಅಬ್ಬರಿಸಿಕೊಂಡು ಬರುವಾಗ ಎಷ್ಟು ಮಕ್ಕಳು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿಲ್ಲ! ಆದರೆ ಸಂಜೆಯೇ ಚೌಕಿಗೆ ಹೋಗಿ, ಕಲಾವಿದರು ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಬರೆದುಕೊಳ್ಳುವುದನ್ನು ನೋಡಿ ಬಂದ ಮಗುವಿನ ಹೆದರಿಕೆಯೇ ಬೇರೆ. ಅದರಲ್ಲಿ ಅರ್ಧ ಭಯ, ಅರ್ಧ ಖುಷಿ. ಡೈನೋಸಾರ್ ಶೋಗೂ ನೀವು ಮಾಡಬೇಕಾದದ್ದು ಇಷ್ಟೇ, ಮೊದಲು ಚೌಕಿ ತೋರಿಸುವುದು.

ಈ ಗೊಂಬೆಗಳ ಒಳಗೆ ಉಕ್ಕಿನ ಹಂದರ ಇರುತ್ತದೆ. ಕುತ್ತಿಗೆ, ದವಡೆ, ಕಣ್ಣು, ಬಾಲ ಅಲ್ಲಾಡಿಸಲು ಮೋಟರ್‌ಗಳು. ಮೇಲೆ ದಪ್ಪ ಸ್ಪಂಜು, ಅದರ ಮೇಲೆ ಸಿಲಿಕೋನ್ ಚರ್ಮ, ಆಮೇಲೆ ಬಣ್ಣ. ಸದ್ದು ಬಾಯಿಂದ ಬರುವುದಿಲ್ಲ, ಅಡಗಿಸಿಟ್ಟ ಸ್ಪೀಕರಿನಿಂದ ಬರುತ್ತದೆ. ಇದನ್ನೆಲ್ಲ ಹೊರಡುವ ಮುಂಚೆಯೇ ಮಗನಿಗೆ ಹೇಳಿ. ಇಂಥ ಗೊಂಬೆ ತಯಾರಿಸುವ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ, ಚರ್ಮ ಹೊದಿಸದ ಬರೀ ಹಂದರ ತಲೆ ಆಡಿಸುವುದನ್ನು ಒಮ್ಮೆ ತೋರಿಸಿ. ಶೋದ ಜಾಹೀರಾತಿನ ವಿಡಿಯೋಗಿಂತ ಇದು ನೂರು ಪಾಲು ಉಪಯೋಗಕ್ಕೆ ಬರುತ್ತದೆ.

ಒಂದು ವಿಷಯ ಮಾತ್ರ ಮರೆಯಬೇಡಿ. ಎಷ್ಟೋ ಕಡೆ ಗೊಂಬೆಗೆ ಸೆನ್ಸರ್ ಇಟ್ಟಿರುತ್ತಾರೆ, ಯಾರಾದರೂ ಹತ್ತಿರ ಬಂದಾಗಲೇ ಅದು ಅಲ್ಲಾಡಿ ಕೂಗುವುದು. ಅಂದರೆ ಸುಮ್ಮನೆ ನಿಂತಿದ್ದ ಪ್ರಾಣಿ, ಮಗು ಧೈರ್ಯ ಮಾಡಿ ನಾಲ್ಕು ಹೆಜ್ಜೆ ಮುಂದಿಟ್ಟ ಕೂಡಲೇ ಅವನ ಮೇಲೇ ಎಗರಿದ ಹಾಗೆ ಆಗುತ್ತದೆ. ಆದ್ದರಿಂದ ಮಗುವನ್ನು ಮುಂದೆ ತಳ್ಳಿ ನೀವು ಹಿಂದೆ ಮೊಬೈಲ್ ಹಿಡಿದು ನಿಲ್ಲಬೇಡಿ. ನಿಮ್ಮಲ್ಲೊಬ್ಬರು ಮೊದಲು ಹೋಗಿ ಅದನ್ನು ಕೂಗಿಸಿ, ಇನ್ನೊಬ್ಬರು ಅವನ ಕೈ ಹಿಡಿದು ದೂರದಿಂದ ನೋಡಲಿ. ಎರಡು ಸಲ ನೋಡಿದ ಮೇಲೆ "ಈಗ ನಾನು ಕೂಗಿಸ್ತೀನಿ" ಎಂದು ಅವನೇ ಹೊರಟರೆ ಬಿಡಿ. ಹೊರಡದಿದ್ದರೆ ಅದೂ ಸರಿಯೇ.

ಆ ಕೂಗಿನ ಬಗ್ಗೆ ಅವನಿಗೆ ಹೇಳಲು ಒಂದು ಗುಟ್ಟಿದೆ: ಟಿ. ರೆಕ್ಸ್ ಹೇಗೆ ಕೂಗುತ್ತಿತ್ತು ಅಂತ ಯಾರೂ ಕೇಳಿಲ್ಲ. ಶೋಗಳಲ್ಲಿ ಹಾಕುವ ಘರ್ಜನೆ ಮನುಷ್ಯರೇ ಕೂಡಿಸಿ ಮಾಡಿದ್ದು. ಡೈನೋಸಾರ್‌ಗಳ ಬದುಕಿರುವ ನೆಂಟರೆಂದರೆ ಹಕ್ಕಿಗಳು ಮತ್ತು ಮೊಸಳೆಗಳು. ಅವುಗಳಲ್ಲಿ ಹಲವು ಬಾಯಿ ಮುಚ್ಚಿಕೊಂಡೇ ಗಂಟಲಲ್ಲಿ ಗುಡುಗುಡು ಅನ್ನುತ್ತವೆ. ಡೈನೋಸಾರ್‌ಗಳಲ್ಲೂ ಕೆಲವು ಹಾಗೇ ಮಾಡುತ್ತಿದ್ದಿರಬಹುದು ಎನ್ನುವುದು ವಿಜ್ಞಾನಿಗಳ ಊಹೆ. "ಇದು ಅಸಲಿ ಕೂಗಲ್ಲ" ಎಂದು ಗೊತ್ತಿರುವ ಮಗು ಎಲ್ಲರನ್ನೂ ತಿದ್ದುತ್ತಾ ನಡೆಯುತ್ತದೆ, ಹೆದರಲು ಪುರುಸೊತ್ತು ಎಲ್ಲಿ!

ಟಿಕೆಟ್ ತೆಗೆಯುವ ಮುಂಚೆ ಫೋನ್ ಮಾಡಿ ಕೇಳಿ: ಒಳಗೆ ಪೂರ್ತಿ ಕತ್ತಲೇ? ನಡುವೆ ಹೊರಬರಲು ದಾರಿ ಇದೆಯೇ? ಹೊಗೆ ಬಿಡುತ್ತಾರೆಯೇ, ಬೇಗಬೇಗ ಹೊತ್ತಿ ಆರುವ ದೀಪ ಇದೆಯೇ? ಉಬ್ಬಸ ಇರುವ ಮಕ್ಕಳಿಗೆ ಹೊಗೆ ಆಗಿಬರುವುದಿಲ್ಲ, ಫಿಟ್ಸ್ ಬರುವ ಮಕ್ಕಳಲ್ಲಿ ಕೆಲವರಿಗೆ ಮಿನುಗುವ ಬೆಳಕು ಅಪಾಯ. ಕಣ್ಣಿಗೆ ಕಟ್ಟಿಕೊಂಡು ನೋಡುವ ವಿಆರ್ ಕನ್ನಡಕ ಇದ್ದರೆ ಚಿಕ್ಕವನಿಗೆ ಬೇಡವೇ ಬೇಡ, ತಯಾರಕರೇ ಸಾಮಾನ್ಯವಾಗಿ 10 ಅಥವಾ 13 ವರ್ಷದ ಮಿತಿ ಹಾಕಿರುತ್ತಾರೆ. ಸದ್ದಿಗೆ ಸುಲಭದ ಅಳತೆ: ಕೈ ಚಾಚಿದಷ್ಟು ದೂರದಲ್ಲಿರುವವರ ಜೊತೆ ಮಾತಾಡಲು ದನಿ ಎತ್ತರಿಸಬೇಕಾದರೆ ಅದು ಮಗುವಿನ ಕಿವಿಗೆ ಜಾಸ್ತಿಯಾಯಿತು. ಕಿವಿ ಮುಚ್ಚುವ ಹೆಡ್‌ಫೋನ್ ಚೀಲದಲ್ಲಿರಲಿ. ಕತ್ತಲ ಹಾಲ್ ಮತ್ತು ಬಯಲಿನ ಪಾರ್ಕ್ ಎರಡರಲ್ಲಿ ಒಂದನ್ನು ಆರಿಸುವ ಹಾಗಿದ್ದರೆ, ಐದು ವರ್ಷದೊಳಗಿನವರಿಗೆ ನಾನು ಕಣ್ಣು ಮುಚ್ಚಿ ಬಯಲಿನದ್ದನ್ನೇ ಹೇಳುತ್ತೇನೆ.

ಬಸ್ ಇಳಿದು ನೇರ ಅಲ್ಲಿಗೆ ಹೋಗುವ ಯೋಜನೆ ಮಾತ್ರ ಬೇಡ. ಬೇಲೂರು, ಹಾಸನ ದಾಟಿ ಬೆಂಗಳೂರು ಸೇರುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ವಾಂತಿ, ಅರೆನಿದ್ದೆ, ಖಾಲಿ ಹೊಟ್ಟೆಯ ಮಗು ನಾಯಿಮರಿ ಕಂಡರೂ ಅಳುತ್ತದೆ. ಮರುದಿನ ಬೆಳಿಗ್ಗೆ, ತಿಂಡಿ ಆದ ಮೇಲೆ, ಸಾಧ್ಯವಾದರೆ ವಾರದ ದಿನ ಹೋಗಿ.

ಒಳಗೆ ಹೋದ ಮೇಲೆ ಮಗು ಕಿವಿ ಮುಚ್ಚಿಕೊಂಡರೆ, ಮಾತು ನಿಲ್ಲಿಸಿ ನಿಮ್ಮನ್ನು ಬಿಗಿಯಾಗಿ ಹಿಡಿದುಕೊಂಡರೆ ಹೊರಗೆ ಬನ್ನಿ. ಕೊಟ್ಟ ದುಡ್ಡಿನ ಲೆಕ್ಕ ಆಗ ಬೇಡ. "ಗಂಡು ಹುಡುಗ ಹೆದರ್ತಾನೇನೋ" ಎನ್ನುವ ಮಾವಂದಿರು ಜೊತೆಗಿದ್ದರೆ ಅವರ ಬಾಯನ್ನು ಮನೆಯಲ್ಲೇ ಕಟ್ಟಿಹಾಕಿ ಬನ್ನಿ. ಹತ್ತು ನಿಮಿಷ ಹೊರಗೆ ಕೂತು ನೀರು ಕುಡಿದ ಮೇಲೆ ಎಷ್ಟೋ ಮಕ್ಕಳು ತಾವೇ "ಇನ್ನೊಂದು ಸಲ" ಅನ್ನುತ್ತಾರೆ. ಅನ್ನದಿದ್ದರೆ ಮಗಳ ಜೊತೆ ಒಬ್ಬರು ಒಳಗಿರಿ, ಮಗನ ಜೊತೆ ಒಬ್ಬರು ಹೊರಗಿರಿ. ಎಂಟು ವರ್ಷದವಳ ಸಂತೋಷವನ್ನು ತಮ್ಮನ ಅಳುವಿಗೆ ಒತ್ತೆ ಇಡುವುದು ಅನ್ಯಾಯ.

ಅವಳು ಖಂಡಿತ ಒಂದು ಪ್ರಶ್ನೆ ಕೇಳುತ್ತಾಳೆ: "ನಮ್ಮೂರಲ್ಲೂ ಡೈನೋಸಾರ್ ಇತ್ತಾ?" ಉತ್ತರ ತಯಾರಿರಲಿ. ಟಿ. ರೆಕ್ಸ್ ಇಲ್ಲಿ ಇರಲೇ ಇಲ್ಲ, ಅದು ಉತ್ತರ ಅಮೆರಿಕದ್ದು. ನಮ್ಮ ದೇಶದ್ದು ಬೇಕಾದರೆ ರಾಜಾಸಾರಸ್ ಇದೆ. ಅದರ ಮೂಳೆಗಳು ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕವು, 2003ರಲ್ಲಿ ಹೆಸರಿಟ್ಟರು. ಅಲ್ಲಿ ಡೈನೋಸಾರ್ ಮೊಟ್ಟೆಗಳೂ ಸಿಕ್ಕಿವೆ. ನಮ್ಮ ಬಾಬಾಬುಡನ್‌ಗಿರಿಯ ಬಂಡೆಗಳು ಮಾತ್ರ 250 ಕೋಟಿ ವರ್ಷಕ್ಕೂ ಹಳೆಯವು. ಡೈನೋಸಾರ್‌ಗಳು ಹುಟ್ಟಿದ್ದೇ ಸುಮಾರು 23 ಕೋಟಿ ವರ್ಷದ ಹಿಂದೆ, ಹಕ್ಕಿಗಳನ್ನು ಬಿಟ್ಟು ಉಳಿದವೆಲ್ಲ ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಇಷ್ಟು ಹಳೆಯ ಕಲ್ಲಿನೊಳಗೆ ಅವುಗಳ ಮೂಳೆ ಹುಡುಕಿದರೆ ಸಿಗುವುದಾದರೂ ಹೇಗೆ? ನಮ್ಮ ಬೆಟ್ಟದ ಕಲ್ಲುಗಳೇ ಡೈನೋಸಾರ್‌ಗಳಿಗಿಂತ ಹಿರಿಯವು ಎಂದು ಕೇಳಿದರೆ ಮಕ್ಕಳ ಕಣ್ಣು ಅರಳುತ್ತದೆ. ಮಿಕ್ಕ ಸಮಯವಿದ್ದರೆ ಲಾಲ್‌ಬಾಗಿನ ಬಂಡೆಯನ್ನೂ ಹತ್ತಿಸಿ, ಅದಕ್ಕೆ ಸುಮಾರು 300 ಕೋಟಿ ವರ್ಷ.

ಊರಿಗೆ ಮರಳಿದ ಮೇಲೆ ಒಂದೆರಡು ರಾತ್ರಿ ಮಗ ಬೆಚ್ಚಿ ಎದ್ದರೆ ಗಾಬರಿ ಬೇಡ, ದೀಪ ಹಾಕಿ ಪಕ್ಕದಲ್ಲಿ ಮಲಗಿಸಿಕೊಳ್ಳಿ. ಹಗಲು ಕಂಡದ್ದನ್ನು ಚಿತ್ರ ಬರೆಯಲಿ, ಅವನೇ ಡೈನೋಸಾರ್ ಆಗಿ ನಿಮ್ಮನ್ನು ಹೆದರಿಸಲಿ, ನೀವು ಹೆದರಿ. ವಾರಗಟ್ಟಲೆ ನಿದ್ದೆ ಕೆಟ್ಟರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಹಿತ್ತಲಲ್ಲಿ ಕೋಳಿ ಇದ್ದರೆ ಅದರ ಹುರುಪೆ ಕಾಲನ್ನು ಹತ್ತಿರದಿಂದ ನೋಡಲು ಇಬ್ಬರಿಗೂ ಹೇಳಿ. ಟಿಕೆಟ್ ಇಲ್ಲದೆ ನೋಡಲು ಸಿಗುವ ಅಸಲಿ ಡೈನೋಸಾರ್ ಸಂತತಿ ಅದೇ.