ತಗಡಿನ ಅಂಗಡಿ, ಎದುರಿಗೆ ಮಣ್ಣಿನ ಗುಡ್ಡೆ

ಹಳೇ ಕಟ್ಟಡಗಳ ಫೋಟೊ ತೆಗೆಯುವುದು ನನ್ನ ಕೆಲಸ. ಹೊಸದಾಗಿ ಕಲಿಯಲು ಬರುವ ಹುಡುಗರು ಮೊದಲ ದಿನ ಮಾಡುವ ತಪ್ಪು ಒಂದೇ. ಕಟ್ಟಡದ ಬುಡಕ್ಕೆ ಹೋಗಿ ಕ್ಯಾಮೆರಾ ಮೇಲೆತ್ತುತ್ತಾರೆ. ಗೋಡೆ ಹಿಂದಕ್ಕೆ ವಾಲುತ್ತದೆ, ಕಿರಾಣಿ ಅಂಗಡಿ ಕೋಟೆಯಾಗುತ್ತದೆ. ಆಗ ಸುಮ್ನೆ ಅಮೆರಿಕದ ಫೋಟೊಗ್ರಾಫರ್ ವಾಕರ್ ಇವಾನ್ಸ್ ತೆಗೆದ ಒಂದು ಚಿತ್ರ ಮುಂದಿಡುತ್ತೇನೆ.

1936. ಅಮೆರಿಕದ ಅಲಬಾಮಾದಲ್ಲಿ ಮೌಂಡ್‌ವಿಲ್ ಅನ್ನುವ ಪುಟ್ಟ ಊರು. ಮಹಾ ಆರ್ಥಿಕ ಕುಸಿತದ ಕಾಲ, ಹತ್ತಿ ಬೆಳೆಯುವ ಸೀಮೆ. ಅಲ್ಲೊಂದು ಸಾಧಾರಣ ಕಟ್ಟಡ. ಅದರ ಮುಖಕ್ಕೆ ಮಾತ್ರ ಎತ್ತರದ, ಚೌಕಾಕಾರದ ಗೋಡೆ, ಅದೂ ಮಡಿಕೆ ಮಡಿಕೆ ತಗಡಿನದು. ಪೇಟೆ ಅಂಗಡಿಯ ಠೀವಿ ಬೇಕು, ಖರ್ಚು ಜಾಸ್ತಿ ಆಗಬಾರದು, ಅಲ್ವಾ? ಇವಾನ್ಸ್ ಅದರ ಎದುರಿಗೆ ನೇರವಾಗಿ ನಿಂತಿದ್ದಾರೆ. ಬಿಸಿಲು ಪಕ್ಕದಿಂದ ಸವರಿಕೊಂಡು ಬರುವ ಹೊತ್ತು. ಹಾಗಾಗಿ ತಗಡಿನ ಒಂದೊಂದು ಮಡಿಕೆಯೂ ಗೆರೆ ಎಳೆದಂತೆ ಎದ್ದಿದೆ. ನಡು ಮಧ್ಯಾಹ್ನ ತೆಗೆದಿದ್ದರೆ ಬರೀ ಬಿಳಿ ಹಲಗೆ ಕಾಣುತ್ತಿತ್ತು. ಎದುರಿಗೆ ಮಣ್ಣಿನ ಗುಡ್ಡೆ ಬಿದ್ದಿದೆ. ಅದನ್ನೂ ಬಿಟ್ಟಿಲ್ಲ.

ಅವರ ಬಳಿ 8x10 ಇಂಚಿನ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾ ಇತ್ತು. ಮುಕ್ಕಾಲಿ ಮೇಲೆ ಇಟ್ಟು, ತಲೆಗೆ ಕಪ್ಪು ಬಟ್ಟೆ ಹೊದ್ದು, ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಚಿತ್ರ ನೋಡಬೇಕು. ಇಂಥ ಕ್ಯಾಮೆರಾದಲ್ಲಿ ಲೆನ್ಸನ್ನು ಮಾತ್ರ ಮೇಲೆ ಸರಿಸಬಹುದು, ಫಿಲ್ಮ್ ನೆಟ್ಟಗೇ ಇರುತ್ತದೆ. ಸೂರು ಪೂರ್ತಿ ಸಿಗುತ್ತದೆ, ಗೋಡೆ ವಾಲುವುದಿಲ್ಲ. ಮೊಬೈಲಿನಲ್ಲಿ ಈ ಸೌಲಭ್ಯ ಇಲ್ಲ. ರಸ್ತೆ ದಾಟಿ ಎದುರು ಜಗಲಿ ಹತ್ತಿ ನಿಂತರೆ ಅರ್ಧ ಕೆಲಸ ಆಯಿತು.

ಸರ್ಕಾರದ ಪುನರ್ವಸತಿ ಇಲಾಖೆ ಇವಾನ್ಸ್‌ರನ್ನು 1935ರಲ್ಲಿ ಸೇರಿಸಿಕೊಂಡಿತ್ತು. ಮೇಲಧಿಕಾರಿ ರಾಯ್ ಸ್ಟ್ರೈಕರ್‌ಗೆ ಇಲಾಖೆಯ ಕೆಲಸ ಜನರಿಗೆ ಮುಟ್ಟಿಸುವ ಚಿತ್ರ ಬೇಕಿತ್ತು. ಇವಾನ್ಸ್‌ಗೆ ಪ್ರಚಾರ ಅಂದರೆ ಆಗುತ್ತಿರಲಿಲ್ಲ. 1937ರಲ್ಲಿ ಆ ನೌಕರಿ ಮುಗಿಯಿತು. ಮೇಲಿನವರಿಗೆ ಬೇಕಾದ್ದು ಬೇರೆ ಆದರೂ ಅಂಗಡಿ, ಚರ್ಚು, ಅಂಚೆ ಕಚೇರಿಗಳ ಮುಂದೆ ನಿಂತವರು ಅಂತ ನನಗೆ ಅವರ ಮೇಲೆ ಸ್ವಲ್ಪ ಪಕ್ಷಪಾತ ಇದೆ.

ಅಟ್ಲಾಂಟಾದಲ್ಲಿ ತೆಗೆದದ್ದು ಇನ್ನೊಂದು. ಒಂದೇ ಅಚ್ಚಿನ ಎರಡು ಮರದ ಮನೆ, ಮಹಡಿಯಲ್ಲಿ ಮೊಟ್ಟೆಯಾಕಾರದ ಕಿಂಡಿ. ಮುಂದೆ ಸಾಲು ಸಿನಿಮಾ ಪೋಸ್ಟರ್, ಒಂದರಲ್ಲಿ ನಟಿ ಕ್ಯಾರೋಲ್ ಲೊಂಬಾರ್ಡ್, ಒಂದು ಕಣ್ಣು ಕಪ್ಪಗೆ ಬಾತಿದೆ. ಅದನ್ನು ನೋಡಿ ಮತ್ತೆ ಮೇಲಿನ ಕಿಂಡಿಗಳನ್ನು ನೋಡಿ.

ಮೊನ್ನೆ ಒಬ್ಬ ಹುಡುಗ ಹಳೇ ಮಂಡಿಯ ಚಿತ್ರ ತಂದ. ಮುಂದೆ ನಿಂತಿದ್ದ ಬೈಕು, ಕರೆಂಟ್ ತಂತಿ ಎಲ್ಲಾ ಅಳಿಸಿದ್ದ. ಅಳಿಸದ ಪ್ರತಿ ಇದೆಯಾ ಅಂತ ಕೇಳಿದೆ. ಇದೆ ಸರ್, ಆದರೆ ಚೆನ್ನಾಗಿಲ್ಲ ಅಂದ. ಅದನ್ನೇ ತರಿಸಿಕೊಂಡೆ.