ಮ್ಯಾಕ್ 2 ಅಂದರೆ ಎಷ್ಟು ವೇಗ?

ಸೂಪರ್‌ಸಾನಿಕ್, ಅಂದರೆ ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಸುದ್ದಿಯಲ್ಲಿ ‘ಮ್ಯಾಕ್ 2’ ಅಂತ ಬರುತ್ತದೆ. ನೇರವಾಗಿ ಕಿಲೋಮೀಟರ್‌ನಲ್ಲೇ ಹೇಳಬಹುದಿತ್ತಲ್ವಾ? ಹಾಗೆ ಒಂದೇ ಅಂಕಿಯಲ್ಲಿ ಹೇಳಲು ಬರುವುದಿಲ್ಲ. ಸುತ್ತಲಿನ ಗಾಳಿಯಲ್ಲಿ ಶಬ್ದ ಓಡುವ ವೇಗದ ಎಷ್ಟು ಪಟ್ಟು ವೇಗದಲ್ಲಿ ವಿಮಾನ ಹೋಗುತ್ತಿದೆ ಅನ್ನುವುದೇ ಮ್ಯಾಕ್ ಸಂಖ್ಯೆ.

ಶಬ್ದ ತಡವಾಗಿ ಬರುವುದನ್ನು ನಮ್ಮ ಬಳ್ಳಾರಿ ಕಡೆ ಕಲ್ಲು ಕ್ವಾರಿಯ ಹತ್ತಿರ ಇರುವವರು ಕಂಡೇ ಇರುತ್ತಾರೆ. ಬ್ಲಾಸ್ಟಿಂಗ್ ಆದಾಗ ಮೊದಲು ಧೂಳು ಏಳುತ್ತದೆ, ಸದ್ದು ಆಮೇಲೆ. ಒಂದು ಕಿಲೋಮೀಟರ್ ದೂರಕ್ಕೆ ಸುಮಾರು 3 ಸೆಕೆಂಡ್ ಬೇಕು. ಗಾಳಿ ಬಿಸಿಯಾದಷ್ಟೂ ಶಬ್ದಕ್ಕೆ ವೇಗ ಜಾಸ್ತಿ. ನಮ್ಮ 42 ಡಿಗ್ರಿ ಬಿಸಿಲಿನಲ್ಲಿ ಅದು ಗಂಟೆಗೆ ಸುಮಾರು 1,280 ಕಿ.ಮೀ. ಓಡುತ್ತದೆ. ಮೈನಸ್ 56 ಡಿಗ್ರಿಯ ಗಾಳಿಯಲ್ಲಿ 1,060 ಕಿ.ಮೀ. ಅಷ್ಟೇ.

ಹಿಂದಿನ ಸೂಪರ್‌ಸಾನಿಕ್ ಪ್ರಯಾಣಿಕ ವಿಮಾನ ಕಾಂಕಾರ್ಡ್ ಹಾರುತ್ತಿದ್ದದ್ದು ಅಂಥ ಚಳಿಯಲ್ಲಿ, 50ರಿಂದ 60 ಸಾವಿರ ಅಡಿ ಎತ್ತರದಲ್ಲಿ. ಅಲ್ಲಿ ಮ್ಯಾಕ್ 2 ಅಂದರೆ ಗಂಟೆಗೆ ಸುಮಾರು 2,120 ಕಿ.ಮೀ. ಈಗಿನ ಪ್ರಯಾಣಿಕ ವಿಮಾನಗಳು ಹೆಚ್ಚಾಗಿ 35–40 ಸಾವಿರ ಅಡಿಯಲ್ಲಿ 900 ಕಿ.ಮೀ. ಆಸುಪಾಸು ಹೋಗುತ್ತವೆ. ಕಾಂಕಾರ್ಡ್ ಅದಕ್ಕಿಂತ ಮೇಲೆ ಹೋಗುತ್ತಿದ್ದದ್ದು ಸುಮ್ನೆ ಅಲ್ಲ. 60 ಸಾವಿರ ಅಡಿಯಲ್ಲಿ ಗಾಳಿಯ ಸಾಂದ್ರತೆ ನೆಲದ ಹತ್ತರಲ್ಲಿ ಒಂದು ಪಾಲು. ತಡೆ ಕಡಿಮೆ.

ಇನ್ನೂ ವೇಗವಾಗಿ ಯಾಕೆ ಹೋಗಲಿಲ್ಲ? ಶಾಖ ಬಿಡಲಿಲ್ಲ. ಅಷ್ಟು ವೇಗದಲ್ಲಿ ಎದುರಿನ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಹೊರಗೆ ಕೊರೆಯುವ ಚಳಿ ಇದ್ದರೂ ಕಾಂಕಾರ್ಡ್‌ನ ಮೂತಿ 127 ಡಿಗ್ರಿವರೆಗೆ ಬಿಸಿಯಾಗುತ್ತಿತ್ತು. ಅದರ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು, ಇದಕ್ಕಿಂತ ಜಾಸ್ತಿ ಕಾದರೆ ಬಲ ಕಳೆದುಕೊಳ್ಳುತ್ತದೆ. ಹಾರುವಾಗ ಇಡೀ ವಿಮಾನ ಹೆಚ್ಚುಕಡಿಮೆ ಒಂದು ಗೇಣು ಉದ್ದವಾಗುತ್ತಿತ್ತು! ಫ್ಲೈಟ್ ಎಂಜಿನಿಯರ್ ಪಕ್ಕದ ಗೋಡೆಯಲ್ಲಿ ಕೈ ತೂರುವಷ್ಟು ಸಂದಿ ಬಿಡುತ್ತಿತ್ತು. ಕೊನೆಯ ಹಾರಾಟಗಳಲ್ಲಿ ಕೆಲವರು ಅದರೊಳಗೆ ತಮ್ಮ ಟೋಪಿ ಇಟ್ಟರು. ವಿಮಾನ ತಣ್ಣಗಾದಾಗ ಟೋಪಿ ಅಲ್ಲೇ ಸಿಕ್ಕಿಕೊಂಡಿತು. ಇಂಥ ವಿಮಾನವನ್ನು 1960ರ ದಶಕದಲ್ಲೇ ಕಟ್ಟಿದರಲ್ಲ, ಅದು ನನಗೆ ಇವತ್ತಿಗೂ ದೊಡ್ಡ ವಿಷಯ.

ಶಬ್ದವನ್ನು ಮೀರಿ ಹೋಗುವ ವಿಮಾನದ ಹಿಂದೆ ನೆಲದ ಮೇಲೆ ಸಿಡಿಲಿನಂಥ ಸದ್ದು ಕೇಳುತ್ತದೆ. ಹಾಗಾಗಿ ಕಾಂಕಾರ್ಡ್ ಪೂರ್ತಿ ವೇಗ ತೋರಿಸಿದ್ದು ಹೆಚ್ಚಾಗಿ ಸಮುದ್ರದ ಮೇಲೆ. 1976ರಲ್ಲಿ ಶುರುವಾದ ಅದರ ಪ್ರಯಾಣಿಕ ಸೇವೆ 2003ರಲ್ಲಿ ನಿಂತಿತು. ಈಗ ಅಮೆರಿಕದ ಬೂಮ್ ಕಂಪನಿ ರೂಪಿಸುತ್ತಿರುವ ಓವರ್ಚರ್ ವಿಮಾನದ ಗುರಿ ಮ್ಯಾಕ್ 1.7. ಕಾಂಕಾರ್ಡ್‌ಗಿಂತ ನಿಧಾನ ಹೌದು, ಆದರೆ ಮೈ ಅಷ್ಟು ಕಾಯುವುದಿಲ್ಲ.