ಕಸ ಬೀಳಲೆಂದು ಕರುವನ್ನು ಕಾಯಿಸಬೇಡಿ

ಆಕಳು ಕರು ಹಾಕಿದ ಮೇಲೆ, ಚೀಪಿದರೆ ತಡೆಯಾದೀತೆಂದು, ಕಸ (ಮಾಸು) ಬೀಳುವ ತನಕ ಕರುವನ್ನು ಮೊಲೆಗೆ ಬಿಡದ ರೂಢಿ ಶಿರಸಿ ಸೀಮೆಯ ಕೊಟ್ಟಿಗೆಗಳಲ್ಲಿ ಇನ್ನೂ ಉಳಿದಿದೆ. "ಕಸ ಬಿದ್ದಿಲ್ಲೆ ಡಾಕ್ಟ್ರೇ, ಹಾಲು ಕುಡಿಸಲೆ ಅಡ್ಡಿಲ್ಯಾ?" ಎಂದು ಬೆಳಗಿನ ಜಾವವೂ ಫೋನು ಬರುತ್ತದೆ. ಅಡ್ಡಿಯಿಲ್ಲ, ಕುಡಿಸದಿರುವುದೇ ಅಪಾಯ.

ಹೋರಿಯ ಗುಣವನ್ನೂ ಹೊತ್ತಿರುವ ಕಸ ತಾಯಿಯ ಮೈಗೆ ಅರ್ಧ ಪರಕೀಯ, ಪರಕೀಯವಾದುದನ್ನು ಮೈ ಹೊರದೂಡಲು ನೋಡುತ್ತದೆ. ದಕ್ಷಿಣ ಅಮೆರಿಕದ ಬೂದು ಒಪೊಸಮ್ ಎಂಬ ಪುಟ್ಟ ಪ್ರಾಣಿಯ ಗರ್ಭ ಸುಮಾರು 14 ದಿನಗಳದು. ಕೊನೆಯ ಎರಡು ದಿನಗಳಲ್ಲಿ ಭ್ರೂಣ ಹೊರಪೊರೆ ಕಳಚಿಕೊಂಡು ಗರ್ಭಕೋಶಕ್ಕೆ ತಾಗಿದೊಡನೆ ಅಲ್ಲಿ ಉರಿಯೂತವೆದ್ದು, ಬೇಗನೆ ಹೆರಿಗೆಯಾಗುತ್ತದೆ. ನಮ್ಮ ಆಕಳು ಆ ಪ್ರತಿಕ್ರಿಯೆಯನ್ನು ಅದುಮಿಟ್ಟುಕೊಂಡು ಸುಮಾರು 280 ದಿನ ಕರುವನ್ನು ಹೊರುತ್ತದೆ. ದಿನ ತುಂಬಿದಾಗ ತಾಯಿಯ ಬಿಳಿ ರಕ್ತಕಣಗಳು ಕಸವನ್ನು ಪರಕೀಯವೆಂದು ಗುರುತಿಸಿ ಸಡಿಲಿಸತೊಡಗುತ್ತವೆ. ಸಾಮಾನ್ಯವಾಗಿ 12 ಗಂಟೆಯೊಳಗೆ ಅದು ಬೀಳುತ್ತದೆ. ಕರು ಚೀಪಿದರೆ ಇದಕ್ಕೆ ತಡೆಯಾಗುವುದಿಲ್ಲ, ಚೀಪುವಾಗ ಸ್ರವಿಸುವ ಆಕ್ಸಿಟೋಸಿನ್ ಎಂಬ ಹಾರ್ಮೋನು ಗರ್ಭಕೋಶವನ್ನು ಕುಗ್ಗಿಸುತ್ತದೆ.

ಜನ ಮತ್ತೆ ಮತ್ತೆ ತಪ್ಪು ತಿಳಿಯುವುದು ಇನ್ನೊಂದು ವಿಷಯದಲ್ಲಿ. ಮನುಷ್ಯರ ಮಗುವಿಗೆ ರೋಗದ ವಿರುದ್ಧ ಕಾಯುವ ತಾಯಿಯ ಪ್ರತಿಕಾಯಗಳು ಹೊಟ್ಟೆಯಲ್ಲಿದ್ದಾಗಲೇ ದಾಟಿ ಬರುತ್ತವೆ, ಕರುವಿಗೆ ಬರುವುದಿಲ್ಲ. ಆಕಳ ರಕ್ತಕ್ಕೂ ಕರುವಿನ ರಕ್ತಕ್ಕೂ ನಡುವೆ ಇರುವ ಪದರಗಳನ್ನು ಅವು ದಾಟಲಾರವು. ಆದ್ದರಿಂದ ಕರು ಬಹುಮಟ್ಟಿಗೆ ರಕ್ಷಣೆಯಿಲ್ಲದೆಯೇ ಹುಟ್ಟುತ್ತದೆ, ಅದಕ್ಕೆ ಬೇಕಾದ ಪ್ರತಿಕಾಯಗಳು ಗಿಣ್ಣದ ಹಾಲಿನಲ್ಲಿವೆ. ಅವನ್ನು ಇಡಿಯಾಗಿ ರಕ್ತಕ್ಕೆ ಹೀರುವ ಶಕ್ತಿ ಕರುಳಿಗೆ ಮೊದಲ ಕೆಲವು ಗಂಟೆ ಮಾತ್ರ ಚೆನ್ನಾಗಿದ್ದು, ಸುಮಾರು 24 ಗಂಟೆಗೆ ನಿಂತೇ ಹೋಗುತ್ತದೆ. ರಾತ್ರಿ ಹುಟ್ಟಿದ ಕರುವಿಗೆ ಮರುದಿನ ಮಧ್ಯಾಹ್ನ ಕುಡಿಸಿದ ಹಾಲು ಹೊಟ್ಟೆ ತುಂಬಿಸೀತು, ರಕ್ಷಣೆಯನ್ನು ಅಷ್ಟಾಗಿ ಕೊಡಲಾರದು.

ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ಕಡೆಯ ಒಂದು ಮನೆಗೆ ಹೋದಾಗ ನಾಲ್ಕು ದಿನದ ಕರು ಸೊಪ್ಪಿನ ಹಾಸಿನ ಮೇಲೆ ಕಾಲು ಚಾಚಿ ಬಿದ್ದಿತ್ತು. ಕಣ್ಣು ಗುಳಿಬಿದ್ದಿದ್ದವು, ಬಾಲಕ್ಕೆ ಬಿಳಿ ಭೇದಿ ಮೆತ್ತಿಕೊಂಡಿತ್ತು. ಆ ಮನೆಯ ಅಮ್ಮ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದರು. ಮೊದಲ ಹಾಲು ಬೆಲ್ಲ, ಏಲಕ್ಕಿ ಸೇರಿ ಗಿಣ್ಣವಾಗಿತ್ತು. ಗಿಣ್ಣದ ಹಾಲು ಕುಡಿದ ಕರುವಿಗೂ ಭೇದಿಯಾಗಬಹುದು, ಕುಡಿಯದ ಕರುವೂ ಬದುಕಬಹುದು. ಆದರೂ ಪ್ರೀತಿಯಿಂದ ಸಾಕಿದವರ ಕೊಟ್ಟಿಗೆಯಲ್ಲಿ ಇಂಥ ಸಾವು ಕಂಡಾಗ ಸಂಕಟವಾಗುತ್ತದೆ.

ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿನ ತೂಕದ ಹತ್ತನೇ ಒಂದು ಪಾಲಿನಷ್ಟು, ಅಂದರೆ 30 ಕಿಲೋ ತೂಗುವ ಮಿಶ್ರತಳಿ ಕರುವಿಗೆ 3 ಲೀಟರಿನಷ್ಟು ಗಿಣ್ಣದ ಹಾಲು ಸಿಗಬೇಕು. ಮಲೆನಾಡು ಗಿಡ್ಡ ಎಂಬ ಸಣ್ಣ ನಾಡತಳಿಯ ಕರುವಿಗೆ ಅದರ ತೂಕಕ್ಕೆ ತಕ್ಕಷ್ಟು ಸಾಕು. ಮನೆಯವರ ಗಿಣ್ಣಕ್ಕೆ ಮಿಕ್ಕಿದ ಹಾಲು ಸಾಕು. ಕಸ 24 ಗಂಟೆ ಕಳೆದರೂ ಬೀಳದಿದ್ದರೆ ಅದನ್ನು ಕೈಯಿಂದ ಎಳೆಯಬೇಡಿ, ಅದಕ್ಕೆ ಭಾರ ಕಟ್ಟಬೇಡಿ. ಜ್ವರ ಬಂದರೆ, ಮೇವು ಬಿಟ್ಟರೆ ತಡಮಾಡದೆ ವೈದ್ಯರನ್ನು ಕರೆಸಿ.